ಶಿರಹಟ್ಟಿಯಲ್ಲಿ ಉಳಿದ ಹಿತ್ತಾಳೆ ಡಬ್ಬಿ

ನಮ್ಮ ಮನೆತನದವರೆಲ್ಲ ಒಂದು ದಿನ ಹೊಳೆದಂಡೆಯಲ್ಲಿ ಕೂಡಬೇಕು ಎಂಬ ಮಾತು ಎದ್ದದ್ದು ಈ ವರ್ಷ ಯುಗಾದಿಯ ಮರುದಿನ, ಬೆಟಗೇರಿಯ ನಮ್ಮ ಮನೆಯ ಪಡಸಾಲೆಯಲ್ಲಿ. ಮುಂಡರಗಿಯಲ್ಲಿ ಸಂಸಾರ ಮಾಡಿಕೊಂಡಿರುವ ನನ್ನ ತಮ್ಮ ಹಬ್ಬಕ್ಕೆ ಬಂದಿದ್ದ. ಹಿಂದೆ ಅಪ್ಪನ ಕುಣಿಮಗ್ಗ ಇದ್ದ ಜಾಗಕ್ಕೆ ಈಗ ಮಣ್ಣು ತುಂಬಿ ಫರಸಿ ಹಾಕಿದ್ದೇವೆ. ಅಲ್ಲಿ ಚಾಪೆ ಹಾಸಿಕೊಂಡು ಅಡ್ಡಾಗಿದ್ದವನು ಎದ್ದು ಕೂತ.

"ಅಣ್ಣಾ, ನಾವು ಕೂಡೂದು ಯಾರರ ಸತ್ತಾಗ, ಇಲ್ಲಾ ಯಾರದರ ಮದುವ್ಯಾಗ. ಸತ್ತಾಗ ಅಳೂದ್ರಾಗ ಹೊತ್ತು ಹೋಗತೈತಿ, ಮದುವ್ಯಾಗ ಊಟದ ಪಾಳಿ ಹಿಡಿಯೂದ್ರಾಗ ಹೋಗತೈತಿ. ಒಂದಿನ ಸುಮ್ಮನ ಕೂಡಿ, ಸುಮ್ಮನ ಉಂಡು, ಸುಮ್ಮನ ಹರಟಿ ಹೊಡದ್ರ ಏನಾಗತೈತಿ?"

"ಎಲ್ಲಿ ಕೂಡೂದ್ರಿ ಕಾಕಾ?" ಎಂದಳು ನನ್ನ ಸೊಸೆ. ಅವಳು ಗದುಗಿನ ಶಾಲೆಯೊಂದರಲ್ಲಿ ಟೀಚರ್. ಯಾವ ಮಾತನ್ನೂ ಗಾಳಿಗೆ ಬಿಡುವವಳಲ್ಲ.

"ಸಿಂಗಟಾಲೂರಾಗ. ಮತ್ತೆಲ್ಲಿ?"

ಹುಡುಗರಲ್ಲಿ ಒಬ್ಬ ಹಂಪಿ ಅಂದ, ಇನ್ನೊಬ್ಬ ಬಾದಾಮಿ ಅಂದ. ತಮ್ಮ ಕೇಳಲಿಲ್ಲ. "ಹಂಪಿಯೊಳಗಿರೂದು ರಾಜರ ಹೊಳಿ. ನಮ್ಮ ಹೊಳಿ ಸಿಂಗಟಾಲೂರಾಗೈತಿ."

ಎರಡೂ ಒಂದೇ ತುಂಗಭದ್ರೆ ಅಂತ ಸೊಸೆ ಹೇಳಿದಾಗ ಎಲ್ಲರೂ ನಕ್ಕರು. ತಮ್ಮನೂ ನಕ್ಕ, ಆದರೆ ಪಟ್ಟು ಬಿಡಲಿಲ್ಲ. ಅವನ ಮಾತಿಗೆ ಕಾರಣವಿತ್ತು. ಸಿಂಗಟಾಲೂರು ಮುಂಡರಗಿ ತಾಲೂಕಿನ ಬಹಳ ಹಳೆಯ ಊರು. ಕೆಳಗೆ ಹೊಳೆ, ಮೇಲೆ ಗುಡ್ಡದಲ್ಲಿ ವೀರಭದ್ರನ ಗುಡಿ. ಅವನು ನಮ್ಮ ಮನೆದೇವರು. ನಮ್ಮ ಹಿರಿಯರು ಆ ದಂಡೆಯಿಂದಲೇ ಮಗ್ಗದ ಕಟ್ಟಿಗೆಗಳನ್ನು ಚಕ್ಕಡಿಯಲ್ಲಿ ಹೇರಿಕೊಂಡು ಬೆಟಗೇರಿಗೆ ಬಂದರೆಂದು ನಮ್ಮ ಅಜ್ಜ ಹೇಳುತ್ತಿದ್ದ. ಎಷ್ಟು ತಲೆಮಾರಿನ ಹಿಂದೆ ಅಂತ ಕೇಳಿದರೆ ಅವನಿಗೂ ಗೊತ್ತಿರಲಿಲ್ಲ.

ಸೊಸೆ ಅಂದೇ ಮೊಬೈಲಿನಲ್ಲಿ ಒಂದು ಗುಂಪು ಮಾಡಿ 'ಹೊಳಿದಂಡಿ' ಅಂತ ಹೆಸರಿಟ್ಟಳು. ಎಪ್ಪತ್ತೆರಡು ವರ್ಷದ ನಾನು ಆವತ್ತಿನಿಂದ ಫೋನನ್ನು ಕೆಳಗಿಡಲಿಲ್ಲ. ಅಲ್ಲಿಯವರೆಗೆ ನನ್ನ ಫೋನಿಗೆ ಬರುತ್ತಿದ್ದುದು ಶುಭೋದಯದ ಹೂವಿನ ಚಿತ್ರಗಳು ಮಾತ್ರ. ಈಗ ತಾಸಿಗೊಂದು ಖಬರು. ದಸರಾ ಸೂಟಿಯಲ್ಲಿ ಹೋಗುವುದು, ಎರಡು ಬಸ್ಸು ಮಾಡುವುದು, ಡಂಬಳದ ಕೆರೆಯ ಏರಿಯ ಮೇಲೆ ಬುತ್ತಿ ಬಿಚ್ಚುವುದು, ಅಲ್ಲಿಯ ಹಳೆಯ ಗುಡಿಯನ್ನು ಹುಡುಗರಿಗೆ ತೋರಿಸುವುದು, ಮಧ್ಯಾಹ್ನಕ್ಕೆ ಹೊಳೆ ಮುಟ್ಟುವುದು. ಒಬ್ಬರು ಮಾದಲಿ ಮಾಡಿ ತರುತ್ತೇನೆಂದರು. ಕಟಕ್ ರೊಟ್ಟಿ ತರುತ್ತೇನೆಂದು ನಾಲ್ಕು ಮನೆಯವರು ಒಮ್ಮೆಲೇ ಬರೆದರು, ಪಲ್ಯದ ಮಾತನ್ನು ಯಾರೂ ಎತ್ತಲಿಲ್ಲ. ಮೊಮ್ಮಕ್ಕಳು ಮೊದಲು ಬಿಂಕದಕಟ್ಟಿಗೆ ಹೋಗಿ ಪ್ರಾಣಿ ನೋಡೋಣ ಅಂತ ಹಟ ಹಿಡಿದರು. ಬಿಂಕದಕಟ್ಟಿ ಇರುವುದು ಹೊಳೆಗೆ ಬೆನ್ನು ಮಾಡಿದ ದಿಕ್ಕಿನಲ್ಲಿ. ತಮ್ಮ ಮುಂಡರಗಿಯಿಂದ ಧ್ವನಿ ಕಳಿಸಿದ: "ಲೇ, ನೀವು ಅಲ್ಲಿ ಹೋಗೂದು ಬ್ಯಾಡ. ನಿಮ್ಮನ್ನ ನೋಡಾಕ ಆ ಪ್ರಾಣಿನ ಹೊಳಿಗೆ ಬರತಾವ."

ನಾನು ಹಳೆಯ ನೋಟುಬುಕ್ಕು ತೆಗೆದು ಮನೆತನದ ಪಟ್ಟಿ ಬರೆಯತೊಡಗಿದೆ. ಬಟ್ಟೆ ಅಂಗಡಿಯಲ್ಲಿ ಮೂವತ್ತು ವರ್ಷ ಸೀರೆ ಬಿಚ್ಚಿ ತೋರಿಸಿ ಮತ್ತೆ ಮಡಚಿಟ್ಟ ಕೈ ಇದು. ಅದರ ಮೊದಲು ಅಪ್ಪನ ಪಕ್ಕದ ಮಗ್ಗದಲ್ಲಿ ಕೂತು ನೇಯ್ದ ಕೈ. ಮ್ಯಾಟ್ರಿಕ್‌ನ ನಂತರ ಇಷ್ಟು ಬರೆದದ್ದು ಇದೇ ಮೊದಲು. ಬೆಳಗಾಗುವ ಮೊದಲೇ ಯಾರದೋ ಹೆಸರು ನೆನಪಾಗಿ ಎದ್ದು ಕೂರುತ್ತಿದ್ದೆ. ಮನೆಗೆ ಹಿರಿಯ ನಾನೇ, ಆದ್ದರಿಂದ ಎಲ್ಲರ ಮನೆಗೂ ಹೋಗಿ ಬಾಯ್ತುಂಬ ಕರೆಯುವ ಕೆಲಸವೂ ನನ್ನದೇ.

ಒಂದು ಮಧ್ಯಾಹ್ನ ಸೊಸೆ ಪಟ್ಟಿ ಓದುತ್ತಾ ನಗತೊಡಗಿದಳು.

"ಮಾವಾರ, ಲಕ್ಷ್ಮೇಶ್ವರದ ಮನಿ ಬಿಟ್ಟೀರಲ್ಲರಿ. ಡಬ್ಬಿ ಮಾವನ ಮನಿ."

"ಬರೀತೇನಿ," ಎಂದೆ.

"ಅವರು ಬರಬೇಕ್ರಿ. ಹುಡುಗರು ಒಂದು ಸಣ್ಣ ನಾಟಕ ಮಾಡತಾರಂತ. ಡಬ್ಬಿ ಪ್ರಸಂಗ. ಡಬ್ಬಿ ಮಾವನ್ನ ಮುಂದ ಕುಂಡ್ರಿಸಿ ಅವರ ಎದುರಿಗೇ ಮಾಡೂದು. ಭಾಳ ಮಜಾ ಬರತೈತಿ."

ಗುಂಪಿನಲ್ಲಿ ಅದಾಗಲೇ ನಗುವ ಮುಖಗಳ ಸಾಲು ಬಿದ್ದಿತ್ತು. ನಮ್ಮ ಮನೆಯಲ್ಲಿ ಹುಟ್ಟಿದ ಮಗುವಿಗೂ ಗೊತ್ತಿರುವ ಕಥೆ ಅದು. ನನ್ನ ತಂಗಿಯನ್ನು ಲಕ್ಷ್ಮೇಶ್ವರಕ್ಕೆ ಕೊಟ್ಟ ಮೇಲೆ ಬಂದ ಮೊದಲ ಪಂಚಮಿಗೆ ಅವಳನ್ನು ಕರೆಯಲು ಅಣ್ಣನಾದ ನಾನು ಹೋದೆ. ಅತ್ತೆಮನೆಯವರು ನಾನು ತಂದ ಉಂಡಿಯ ಡಬ್ಬಿ ಇಟ್ಟುಕೊಂಡರು, ಸೊಸೆಯನ್ನು ಕಳಿಸಲಿಲ್ಲ. ಡಬ್ಬಿಯನ್ನು ತಿರುಗಿ ಕೊಡಲೂ ಇಲ್ಲ. ಅದಕ್ಕೇ ತಂಗಿಯ ಗಂಡನಿಗೆ ನಮ್ಮಲ್ಲಿ ಡಬ್ಬಿ ಮಾವ ಅಂತ ಹೆಸರು. ಮೊಮ್ಮಕ್ಕಳ ಕಾಲಕ್ಕೆ ಅವನು ಡಬ್ಬಿ ಅಜ್ಜನಾದ.

ಆ ಕಥೆ ಸುಳ್ಳು. ಐವತ್ತು ವರ್ಷದ ಹಿಂದೆ ಅದನ್ನು ಹುಟ್ಟಿಸಿದವನು ನಾನು.

ನಮ್ಮ ಕಡೆ ಪಂಚಮಿ ಹೆಣ್ಣುಮಕ್ಕಳ ಹಬ್ಬ. ಮದುವೆಯಾದ ಹೆಣ್ಣುಮಗಳನ್ನು ಅಣ್ಣನೋ ತಮ್ಮನೋ ಹೋಗಿ ತವರಿಗೆ ಕರೆತರಬೇಕು. ಹಬ್ಬಕ್ಕೆ ಬಾ ಎಂದು ಕಾಗದ ಬರೆದರೆ, ಈಗಾದರೆ ಫೋನ್ ಮಾಡಿದರೆ, ಬರುವವಳಲ್ಲ ಅವಳು. ಕರೆಯಲು ಹೋದವನ ಕೈಯಲ್ಲಿ ಉಂಡಿ ಇರಬೇಕು. ಎಳ್ಳಿನದು, ಶೇಂಗಾದ್ದು, ಪುಠಾಣಿಯದು, ರವೆಯದು. ಮದುವೆಯ ನಂತರದ ಮೊದಲ ಪಂಚಮಿಯಂತೂ ಊರೆಲ್ಲ ನೋಡುವ ಹಬ್ಬ. ಅವ್ವ ನಾಲ್ಕು ದಿನ ಕೂತು ಉಂಡಿ ಕಟ್ಟಿದಳು. ತನ್ನ ತವರಿನಿಂದ ತಂದಿದ್ದ, ಮುಚ್ಚಳಕ್ಕೆ ಕೊಂಡಿ ಇದ್ದ ಹಿತ್ತಾಳೆ ಡಬ್ಬಿಯಲ್ಲಿ ತುಂಬಿ, ಬಟ್ಟೆ ಸುತ್ತಿ ನನ್ನ ಕೈಗೆ ಕೊಟ್ಟಳು. "ಡಬ್ಬಿ ಅಲ್ಲೇ ಮರತು ಬರಬ್ಯಾಡ," ಎಂದಳು.

ನಾನು ಹತ್ತಿದ ಬಸ್ಸು ಶಿರಹಟ್ಟಿಯ ಮೇಲೆ ಲಕ್ಷ್ಮೇಶ್ವರಕ್ಕೆ ಹೋಗುವುದು. ಶಿರಹಟ್ಟಿಯಲ್ಲಿ ಹತ್ತು ನಿಮಿಷ ನಿಂತಿತು. ಚಹಾ ಕುಡಿಯಲು ಇಳಿದೆ. ಡಬ್ಬಿ ಬಗಲಲ್ಲೇ ಇತ್ತು. ಸ್ವಲ್ಪ ದೂರದಲ್ಲಿ ಹಲಗೆ ಬಾರಿಸುವ ಸಪ್ಪಳ ಕೇಳಿಸಿತು. ಕುಸ್ತಿ. ಆಗ ನಾನು ಬೆಟಗೇರಿಯ ಗರಡಿಮನೆಗೆ ದಿನಾ ಹೋಗುತ್ತಿದ್ದ ಹುಡುಗ. ಒಂದೇ ಒಂದು ಜೋಡಿ ನೋಡಿ ಬರೋಣ ಅಂತ ಹೋದೆ. ಅಲ್ಲಿ ನಮ್ಮ ಓಣಿಯ ಇಬ್ಬರು ಸಿಕ್ಕರು. ಬಸ್ಸು ಹೋಯಿತು. ಡಬ್ಬಿಯ ಬಟ್ಟೆ ಬಿಚ್ಚಿದ್ದು ಅವರಲ್ಲ, ನಾನೇ. ಮೊದಲು ಒಂದೊಂದು ತಿಂದೆವು. ಕೊನೆಯ ಜೋಡಿಯಲ್ಲಿ ನಾವು ಕೂಗಿ ಕೂಗಿ ಹುರುಪು ತುಂಬಿದ ಪೈಲ್ವಾನ ಗೆದ್ದ. ಮಂದಿ ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು, ನಾನೂ ಕುಣಿದೆ. ಕುಣಿಯುತ್ತಾ ಡಬ್ಬಿಯನ್ನು ಉಳಿದ ಉಂಡಿಯ ಸಮೇತ ಅವನ ಕೈಗಿಟ್ಟೆ.

ಸಂಜೆಗೆ ಲಕ್ಷ್ಮೇಶ್ವರಕ್ಕೆ ಇನ್ನೊಂದು ಬಸ್ಸಿತ್ತು. ನಾನು ಹತ್ತಬಹುದಿತ್ತು. ಆದರೆ ಮೊದಲ ಪಂಚಮಿಗೆ ಬರಿಗೈಯಲ್ಲಿ ತಂಗಿಯ ಅತ್ತೆಮನೆಯ ಹೊಸ್ತಿಲು ತುಳಿಯುವುದು ಹೇಗೆ? ಅವಳ ಮುಖ ಎಲ್ಲಿಡಬೇಕು, ನನ್ನ ಮುಖ ಎಲ್ಲಿಡಬೇಕು? ಹೀಗೆ ಯೋಚಿಸುತ್ತಾ ನಿಂತಾಗ ಎದುರಿನಿಂದ ನಮ್ಮೂರ ಕಡೆ ಹೋಗುವ ಗದುಗಿನ ಬಸ್ಸು ಬಂತು. ಅದನ್ನು ಹತ್ತಿದೆ.

ಅವ್ವ ಪಡಸಾಲೆಯಲ್ಲಿ ನೂಲಿನ ಕಂಡಿಕೆ ಸುತ್ತುತ್ತಿದ್ದಳು.

"ಎಲ್ಲೋ ನಿನ್ನ ತಂಗಿ?"

"ಕಳಸಂಗಿಲ್ಲ ಅಂದ್ರಬೇ."

"ಯಾಕಂತ?"

"ಏನೋ ಕೆಲಸ ಐತಂತ."

"ಡಬ್ಬಿ?"

ಅದಕ್ಕೆ ನಾನು ಉತ್ತರ ತಯಾರು ಮಾಡಿಕೊಂಡಿರಲಿಲ್ಲ. "ಇಟಗೊಂಡ್ರು," ಅಂದುಬಿಟ್ಟೆ.

ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕೂತಿದ್ದ ಅಪ್ಪನ ಲಾಳಿ ನಿಂತಿತು. "ಉಂಡಿನೂ ಇಟಗೊಂಡ್ರು, ಮಗಳನ್ನೂ ಇಟಗೊಂಡ್ರು. ಆತು ಬಿಡು," ಎಂದ. ಮತ್ತೆ ಲಾಳಿ ಓಡಿತು. ಅಪ್ಪ ಆ ಮನೆಯ ಬಗ್ಗೆ ಮುಂದೆ ಮಾತಾಡಿದ್ದು ಕಡಿಮೆ. ಮಾತಾಡಿದವಳು ಅವ್ವ. ಬಾವಿಕಟ್ಟೆಯಲ್ಲಿ, ಸಂತೆಯಲ್ಲಿ, ಬೀಗರ ಮುಂದೆ, ನನ್ನ ಡಬ್ಬಿ ನುಂಗಿದ ಮನೆ ಅಂತ ಸಾಯುವತನಕ ಅಂದಳು. ಮರುವರ್ಷ ಪಂಚಮಿಗೆ ಕರೆಯಲು ಹೋಗೆಂದು ಯಾರೂ ನನಗೆ ಹೇಳಲಿಲ್ಲ. ಆ ಕಡೆಯವರು, ಮೊದಲ ಪಂಚಮಿಗೇ ಕರೆಯದ ತವರು ಇದೆಂಥದು ಅಂದುಕೊಂಡರು. ಜಗಳವಾಗಲಿಲ್ಲ. ತಂಗಿ ಮದುವೆಗೆ ಬರುತ್ತಿದ್ದಳು, ಮಣ್ಣಿಗೆ ಬರುತ್ತಿದ್ದಳು. ಮುಂಜಾನೆ ಬಂದು ಸಂಜೆಯ ಬಸ್ಸಿಗೆ ಹೋಗುತ್ತಿದ್ದಳು. ಐವತ್ತು ವರ್ಷದಲ್ಲಿ ಅವಳು ತವರಿನಲ್ಲಿ ಒಂದು ರಾತ್ರಿಯೂ ಉಳಿದಿಲ್ಲ.

ಹೇಳಿಬಿಡಬೇಕೆಂದು ಎಷ್ಟೋ ಸಲ ಅನಿಸಿತ್ತು. ಅಪ್ಪ ಹೋದ ಮೇಲೆ ಹೇಳೋಣ, ಅವ್ವ ಹೋದ ಮೇಲೆ ಹೇಳೋಣ ಎಂದು ಮುಂದೂಡಿದೆ. ಇಬ್ಬರೂ ಹೋದರು, ನಾನು ಹೇಳಲಿಲ್ಲ. ಈಗ ಹುಡುಗರು ಅದನ್ನೇ ನಾಟಕ ಮಾಡಿ, ಕರೆದು ಕೂರಿಸಿದ ಅಳಿಯನ ಎದುರಿಗೇ ಆಡುತ್ತಾರೆ. ಅವನು ಅಲ್ಲಿ ಕೂತು ನೋಡಬೇಕು. ನಾನೂ ಕೂತು ಚಪ್ಪಾಳೆ ಹೊಡೆಯಬೇಕು. ಅದು ಆಗದ ಮಾತು. ಮರುದಿನವೇ ಲಕ್ಷ್ಮೇಶ್ವರದ ಬಸ್ಸು ಹತ್ತಿದೆ. ಹೆದರಿಕೆ ಇತ್ತು, ಆದರೆ ಅದರ ಜೊತೆ ಹುರುಪೂ ಇತ್ತು. ಪರೀಕ್ಷೆಗೆ ಹೊರಟ ಹುಡುಗನ ಹಾಗೆ ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ.

ತಂಗಿಯ ಗಂಡನ ಮನೆಯವರೂ ನಮ್ಮಂತೆ ನೇಕಾರರೇ. ಮಗ್ಗ ಬಿಟ್ಟು ಬಜಾರದಲ್ಲಿ ಹಗ್ಗದ ಅಂಗಡಿ ಹಾಕಿ ಬಹಳ ವರ್ಷವಾಯಿತು. ಎತ್ತಿನ ಕಣ್ಣಿ, ಮೂಗುದಾರ, ಬಾವಿಹಗ್ಗ, ಪಂಚಮಿ ಬಂದರೆ ಜೋಕಾಲಿಯ ಹಗ್ಗ. ಸುತ್ತಲಿನ ಊರುಗಳ ಹೆಣ್ಣುಮಕ್ಕಳೆಲ್ಲ ತವರಿನಲ್ಲಿ ಜೋಕಾಲಿ ಆಡುವುದು ಅವನ ಹಗ್ಗದಲ್ಲಿ. ಅವನು ಹಗ್ಗದ ಸಿಂಬಿಗಳ ನಡುವೆ ಕೂತಿದ್ದ. ನನ್ನನ್ನು ಕಂಡು ಮುಖ ಸಪ್ಪಗೆ ಮಾಡಿ ಎದ್ದ.

"ಬರ್ರಿ ಅಣ್ಣಾರ, ಕುಂಡ್ರಿ. ಯಾರು ತೀರಿಕೊಂಡ್ರು?"

"ಯಾರೂ ಇಲ್ಲ."

"ಮತ್ತ, ಮದುವಿ?"

"ಮದುವಿನೂ ಇಲ್ಲ."

"ಹಂಗಾರ ಹಾದಿ ತಪ್ಪಿ ಬಂದೀರಿ," ಎಂದು ನಕ್ಕ. ಅಂಗಡಿಯ ಹಿಂದೆಯೇ ಮನೆ. "ಏ, ಯಾರು ಬಂದಾರ ನೋಡಿಲ್ಲಿ," ಎಂದು ಒಳಗೆ ಕೂಗಿದ.

ತಂಗಿ ಚಹಾ ತಂದಳು. ಅವಳಿಗೀಗ ಅರವತ್ತೊಂಬತ್ತು. ನಾನು ಹೊಳೆದಂಡೆಯ ಯೋಜನೆಯನ್ನೆಲ್ಲ ಹೇಳಿದೆ. ಎರಡು ಬಸ್ಸು, ಡಂಬಳದ ಬುತ್ತಿ, ನಾಲ್ಕು ಮನೆಯ ರೊಟ್ಟಿ. ಅವಳು ಖುಷಿಯಿಂದ ಕೇಳಿದಳು. "ಬರತೇವಿ ತಗೋ ಅಣ್ಣಾ. ಮುಂಜಾನೆ ಬಸ್ಸಿಗೆ ಬಂದು ಸಂಜೀಕ ಹೊಂಟಬಿಡತೇವಿ," ಎಂದಳು. ಸಂಜೀಕ ಹೊಂಟಬಿಡತೇವಿ ಎಂಬ ಮಾತು ಕೇಳಿ ನಾನು ಕಪ್ಪು ಕೆಳಗಿಟ್ಟೆ. ಆಮೇಲೆ ಎಲ್ಲ ಹೇಳಿದೆ. ಶಿರಹಟ್ಟಿ, ಹಲಗೆ, ಉಂಡಿ, ಪೈಲ್ವಾನ, ಗದುಗಿನ ಬಸ್ಸು. ಡಬ್ಬಿಯ ಮಾತನ್ನೂ ಬಿಡಲಿಲ್ಲ, ನಮ್ಮ ಮನೆಯಲ್ಲಿ ಇಟ್ಟ ಹೆಸರನ್ನೂ ಬಿಡಲಿಲ್ಲ.

ಮೊದಲು ಮಾತಾಡಿದವನು ಅವಳ ಗಂಡ. "ಅದಕ್ಕೇನ್ರಿ ನನಗ ಡಬ್ಬಿ ಅಂತಿದ್ರು? ಒಂದು ಮದುವ್ಯಾಗ ಸಣ್ಣ ಹುಡುಗ ಬಂದು ಡಬ್ಬಿ ಅಜ್ಜಾ ಅಂದ. ನನ್ನ ಹೊಟ್ಟಿ ನೋಡಿ ಅಂತಾನ ಅಂತ ತಿಳದೆ. ಎರಡು ತಿಂಗಳು ಅನ್ನಾ ಕಡಿಮಿ ಉಂಡೀನ್ರಿ ನಾನು."

ಅವನು ನಗಿಸಲು ಹೇಳಿದ. ನನಗೆ ನಗು ಬರಲಿಲ್ಲ. ತಂಗಿಯೂ ನಗಲಿಲ್ಲ.

"ಆವತ್ತು ನಾ ತಲಿ ಎರಕೊಂಡು ಹೊರಗ ಕಟ್ಟಿ ಮ್ಯಾಲ ಕುಂತಿದ್ದೆ," ಎಂದಳು. "ಮೂರು ಬಸ್ ಬಂದ್ವು, ಮೂರೂ ನೋಡಿದೆ. ನಮ್ಮತ್ತಿ ಏನಂದ್ರು ಗೊತ್ತೇನು? ಮಗ್ಗದ ಮನಿ, ಸೀರಿ ಮುಗಿಸೂದಿರತೈತಿ, ನಾಳಿ ಬರತಾನ ತಗೋ ಅಂದ್ರು. ಮರುದಿನಾನೂ ನೀ ಬರಲಿಲ್ಲ. ನಾ ಅಳತೇನಂತ ಹಿತ್ತಲದ ಬೇವಿನ ಗಿಡಕ್ಕ ಜೋಕಾಲಿ ಕಟ್ಟಿಸಿದ್ರು. ಅತ್ತಿ ಸೊಸೀನ ಜೋಕಾಲ್ಯಾಗ ತೂಗೂದು ಎಲ್ಲೆರ ನೋಡೀಯೇನು? ಅಂಥಾ ಹೆಣ್ಣುಮಗಳನ್ನ ನೀವು ಡಬ್ಬಿ ಕಳ್ಳಿ ಅಂದ್ರಿ."

"ತಪ್ಪಾತು ಯವ್ವಾ," ಎಂದೆ.

"ನನಗ್ಯಾಕ ಹೇಳತಿ? ಆಕಿಗೆ ಹೇಳು." ಗೋಡೆಯ ಮೇಲೆ ಅವಳ ಅತ್ತೆಯ ಫೋಟೋ ಇತ್ತು.

ನಾನು ಎದ್ದು ಫೋಟೋದ ಮುಂದೆ ನಿಂತು ಕೈ ಮುಗಿದೆ. ನನ್ನ ಹಿಂದಿನಿಂದಲೇ ತಂಗಿಯ ಮಾತು ಬಂತು. ಅವಳು ನಮ್ಮ ಅವ್ವನ ಹಾಗೆ ಒಂದೇ ಸಮನೆ ಮಾತಾಡುತ್ತಾಳೆ ಅನ್ನುವುದನ್ನು ನಾನು ಮರೆತೇಬಿಟ್ಟಿದ್ದೆ.

"ಇಲ್ಲಿ ಹೇಳಿದ್ದು ಇಲ್ಲೇ ಬಿಟ್ಟು ಹೋಗಬ್ಯಾಡ. ಯಾರ್‍ಯಾರು ಆ ಮಾತು ಕೇಳ್ಯಾರೋ ಅವರೆಲ್ಲಾರಿಗೂ ನಿನ್ನ ಬಾಯಿಲೆ ಹೇಳು. ಅದೊಂದು. ಇನ್ನೊಂದು, ನಿಮ್ಮ ಹೊಳಿದಂಡಿಗೆ ನಾ ಹಿಂಗ ಬರಂಗಿಲ್ಲ. ಮೊದಲ ಪಂಚಮಿಗೆ ಕರಿಯಾಕ ಬಾ. ಉಂಡಿ ತಗೊಂಡು ಬಾ. ಆ ಮ್ಯಾಲ ಹೊಳಿ ಮಾತು."

"ದಸರಾಕ ಅಂತ ಎಲ್ಲಾರೂ..."

"ಆ ಪಂಚಮಿಗೆ ಇನ್ನೂ ನಾ ಕಟ್ಟಿ ಮ್ಯಾಲ ಕುಂತೀನಿ ಅಂತ ತಿಳಕೋ."

ಬಸ್ಸಿನಲ್ಲಿ ಹಿಂದಿರುಗುವಾಗ ನನಗೆ ಅಳಬೇಕೋ ಕುಣಿಯಬೇಕೋ ತಿಳಿಯಲಿಲ್ಲ. ಅವಳು ಬರುವುದಿಲ್ಲ ಅಂದಿರಲಿಲ್ಲ. ಕರೆಯಲು ಬಾ ಅಂದಿದ್ದಳು.

ಮನೆಯಲ್ಲಿ ಮೊದಲು ಹೇಳಿದ್ದು ಹೆಂಡತಿಗೆ. ಅವಳು ಅಕ್ಕಿ ಆರಿಸುತ್ತಿದ್ದ ಮೊರವನ್ನು ಪಕ್ಕಕ್ಕಿಟ್ಟಳು.

"ಆ ಡಬ್ಬಿ ಮಾತು ನಾ ಎಷ್ಟು ಮಂದಿ ಮುಂದ ಆಡೀನ್ರಿ? ಕೂಸುಗಳಿಗೆ ಕಥಿ ಮಾಡಿ ಹೇಳಿ ಉಣಿಸೀನಿ. ನಿಮ್ಮ ಸುಳ್ಳ ನನ್ನ ಬಾಯಾಗ ಹಾಕಿ ನೀವು ಆರಾಮ ಕುಂತಿದ್ರಿ."

ಆ ದಿನ ಅವಳು ನನ್ನೊಡನೆ ಮತ್ತೆ ಮಾತಾಡಲಿಲ್ಲ. ಊಟಕ್ಕೆ ಮಾತ್ರ ಹಾಕಿದಳು. ನಾನು ಮುಂಡರಗಿಗೆ ಫೋನ್ ಹಚ್ಚಿದೆ. ತಮ್ಮ ಎಲ್ಲವನ್ನೂ ಕೇಳಿ, "ಅಣ್ಣಾ, ಗೆದ್ದಾಂವ ಯಾರು?" ಎಂದ.

"ಹೆಸರು ನೆನಪಿಲ್ಲೋ."

"ಅವ್ವನ ಡಬ್ಬಿ ಕೊಟ್ಟಿ, ಹೆಸರೂ ಕೇಳಲಿಲ್ಲ," ಎಂದು ಫೋನ್ ಇಟ್ಟ. ಹತ್ತು ನಿಮಿಷದ ಮೇಲೆ ತಾನೇ ಮಾಡಿದ. "ಅಪ್ಪ ಹಾಸಿನ ನೂಲಿನಾಗ ಒಂದು ಎಳಿ ಹರದ್ರೂ ಮಗ್ಗಾ ನಿಲ್ಲಿಸಿ ಗಂಟು ಹಾಕತಿದ್ದ. ಹರದ ಎಳಿ ಬಿಟ್ಟು ಹಂಗ ನೇಯ್ದ್ರ ಸೀರಿ ತುಂಬ ಗೆರಿ ಬೀಳತೈತಿ ಅಂತಿದ್ದ. ನೀ ಐವತ್ತು ವರ್ಷ ಹಂಗ ನೇಯ್ದಿ ನೋಡು."

ಗುಂಪಿಗೆ ಹೇಳುವುದು ಉಳಿದಿತ್ತು. ಬರೆಯಲು ಕೂತರೆ ಬರೆದದ್ದು ಸರ್ಕಾರಿ ಅರ್ಜಿಯ ಹಾಗೆ ಕಾಣುತ್ತಿತ್ತು. ಸೊಸೆ ಧ್ವನಿ ಹೇಗೆ ಕಳಿಸಬೇಕೆಂದು ತೋರಿಸಿ, ಬಾಗಿಲು ಮುಚ್ಚಿಕೊಂಡು ಹೊರಗೆ ಹೋದಳು. ಎರಡು ಸಲ ಹೇಳಿ ಅಳಿಸಿದೆ. ಎರಡು ಸಲವೂ ಶಿರಹಟ್ಟಿಯಲ್ಲಿ ಬಸ್ಸು ತಪ್ಪಿತು ಅಂತ ಹೇಳಿಬಿಟ್ಟಿದ್ದೆ. ಮೂರನೆಯ ಸಲ, ಬಸ್ಸು ತಪ್ಪಲಿಲ್ಲ, ನಾನೇ ಬಿಟ್ಟೆ ಎಂದು ಹೇಳಿ ಕಳಿಸಿದೆ.

ಮೊದಲು ಮುಂಡರಗಿಯ ಸಣ್ಣ ಮೊಮ್ಮಗಳು ಧ್ವನಿ ಕಳಿಸಿದಳು. "ಹಂಗಾರ ಇನ್ನ ಮ್ಯಾಲ ಡಬ್ಬಿ ಅಜ್ಜ ಯಾರು?"

"ನಾನವ್ವಾ," ಎಂದೆ. ಆಮೇಲೆ ಗುಂಪು ಕುದಿಯಿತು. ಕೆಲವರು ಬೈದರು, ಬೈಯುವ ಹಕ್ಕಿದ್ದವರೇ. ಕೆಲವರು ಲಕ್ಷ್ಮೇಶ್ವರಕ್ಕೆ ತಾವೇ ಫೋನ್ ಮಾಡಿ ಮಾತಾಡಿದರು. ನಾಟಕ ರದ್ದಾಗಲಿಲ್ಲ. ಪಾತ್ರ ಬದಲಾಯಿತು, ಅಷ್ಟೇ. ಕುಸ್ತಿಯ ದೃಶ್ಯವೊಂದು ಹೊಸದಾಗಿ ಸೇರಿದೆ ಎಂದು ಸೊಸೆ ಹೇಳಿದಳು. ಪೈಲ್ವಾನನ ಪಾತ್ರಕ್ಕೆ ಮೂರು ಜನ ಜಗಳಾಡುತ್ತಿದ್ದರಂತೆ.

ಅಷ್ಟರಲ್ಲಿ ನಾನು ಹುರುಪಿನಲ್ಲಿ ಇನ್ನೊಂದು ತಪ್ಪು ಮಾಡಿದೆ. ದಸರಾ ಬೇಡ, ಪಂಚಮಿಯ ದಿನವೇ ಎಲ್ಲರೂ ಸಿಂಗಟಾಲೂರಿನಲ್ಲಿ ಕೂಡೋಣ ಅಂತ ಗುಂಪಿನಲ್ಲಿ ಹಾಕಿಬಿಟ್ಟೆ. ಮೊದಲು ಎದ್ದವಳು ನನ್ನ ಸೊಸೆ.

"ಮಾವಾರ, ಪಂಚಮಿಗೆ ನಮ್ಮಣ್ಣ ಯಳವತ್ತಿಯಿಂದ ಕರಿಯಾಕ ಬರತಾನ್ರಿ. ನಾ ಹೊಳಿಗೆ ಹೋದ್ರ ಅಂವ ಬಂದು ಬಾಗಲಾ ನೋಡಿ ಹೋಗಬೇಕೇನ್ರಿ?"

ನಮ್ಮ ಮನೆಯ ಸೊಸೆಯರೆಲ್ಲ ಇನ್ನಾರದೋ ಮನೆಯ ತಂಗಿಯರು ಎಂಬುದು, ಇಷ್ಟೆಲ್ಲ ಆದ ಮೇಲೂ, ನನ್ನ ತಲೆಗೆ ಹೊಳೆದಿರಲಿಲ್ಲ. ಒಬ್ಬೊಬ್ಬರೇ ಬರೆದರು. ಒಬ್ಬಳಿಗೆ ಮುಳಗುಂದದ ತವರು, ಒಬ್ಬಳಿಗೆ ಡಂಬಳ, ಒಬ್ಬಳಿಗೆ ನರಗುಂದ. ತಮ್ಮನ ಹೆಂಡತಿಗೆ ಅರವತ್ತು ದಾಟಿದೆ, ಅವಳೂ ಬಿಡಲಿಲ್ಲ. "ನಮ್ಮ ತಮ್ಮ ಕೋಲು ಊರಕೊಂಡರ ಬರತಾನ್ರಿ ಭಾವಾರ. ನಾ ತಪ್ಪಸಾಂಗಿಲ್ಲ." ಇದರ ನಡುವೆ ತಮ್ಮ ಹೊಳೆಯ ಚಿಂತೆ ತೆಗೆದ. "ಶ್ರಾವಣದಾಗ ಹೊಳಿ ತುಂಬಿ ಕೆಂಪಾಗಿ ಹರೀತೈತಿ. ಒಂದು ಹುಡುಗ ನೀರಾಗ ಕಾಲಿಟ್ರ ಯಾರು ಹೊಣಿ?"

ಎರಡು ದಿನ ಇದೇ ಗದ್ದಲ. ಕೊನೆಗೆ ದಾರಿ ತೋರಿಸಿದವಳು ನನ್ನೊಡನೆ ಸರಿಯಾಗಿ ಮಾತಾಡದಿದ್ದ ನನ್ನ ಹೆಂಡತಿ. ಬೀಸುಕಲ್ಲಿನ ಹತ್ತಿರ ಕೂತು, ಯಾರಿಗೂ ಅಲ್ಲ ಎನ್ನುವ ಹಾಗೆ ಹೇಳಿದಳು: "ಪಂಚಮಿ ಮುಗಿಸಿಕೊಂಡು ಎಲ್ಲಾ ಹೆಣ್ಣುಮಕ್ಕಳು ತವರಿಂದ ತಿರುಗಿ ಬರೂದು ಆಯಿತವಾರದೊಳಗ. ಆ ಆಯಿತವಾರನ ಹೊಳಿಗೆ ಹೋದ್ರಾತು. ಲಕ್ಷ್ಮೇಶ್ವರದಾಕಿ ಪಂಚಮಿಗಿಂತ ಮೊದಲ ಬರೂ ರೊಟ್ಟಿ ಹಬ್ಬಕ್ಕ ಬಂದು ಅಲ್ಲೀತನ ಇಲ್ಲೇ ಇರಲಿ. ಐದು ರಾತ್ರಿ ಆಗತಾವ. ಐವತ್ತು ವರ್ಷದ್ದು ಐದ್ರಾಗ ತೀರಂಗಿಲ್ಲ, ಇರಲಿ."

ಹಾಗೇ ಆಯಿತು. ಹೊಳೆಯಲ್ಲಿ ಯಾರೂ ಇಳಿಯಬಾರದು, ದಂಡೆಯ ಮೇಲಿನಿಂದ ಕೈ ಮುಗಿಯಬೇಕು ಎಂದು ತಮ್ಮ ಕಟ್ಟಪ್ಪಣೆ ಮಾಡಿದ. ಅವನೇ ಹೋಗಿ ನೋಡಿ, ಹೊಳೆಯಿಂದ ದೂರ, ಗುಡ್ಡದ ಬುಡದಲ್ಲಿ ಒಂದು ದೊಡ್ಡ ಹುಣಸೆಮರ ಹುಡುಕಿ ಅದರ ಫೋಟೋ ಹಾಕಿದ. ಜೋಕಾಲಿಗೆ. ಅಷ್ಟರಲ್ಲಿ ಗುಂಪಿಗೆ ಸೇರಿಸಿಕೊಂಡಿದ್ದ ತಂಗಿಯ ಗಂಡನಿಂದ ಉತ್ತರ ಬಂತು: "ಹಗ್ಗ ನಂದು. ಯಾರೂ ತರಬ್ಯಾಡ್ರಿ."

ಉಂಡಿ ಕಟ್ಟಲು ನಾನೂ ಕೂತೆ. ಹೆಂಡತಿ ಮೊದಲು ಬೇಡ ಎಂದಳು, ಆಮೇಲೆ ಬೆಲ್ಲದ ಪಾಕ ಹೀಗೆ, ಕೈಗೆ ತುಪ್ಪ ಹೀಗೆ ಎಂದು ತೋರಿಸಿದಳು. ನನ್ನ ಶೇಂಗಾ ಉಂಡಿಗಳು ದುಂಡಗಾಗದೆ ಲಾಳಿಯ ಹಾಗೆ ಉದ್ದಕ್ಕೆ ಬಂದವು. "ತುಂಬ್ರಿ ಅವನ್ನೂ," ಎಂದಳು. ಗದುಗಿನ ಪೇಟೆಯಲ್ಲಿ ನಾಲ್ಕು ಅಂಗಡಿ ತಿರುಗಿ, ಮುಚ್ಚಳಕ್ಕೆ ಕೊಂಡಿ ಇರುವ ಹಿತ್ತಾಳೆ ಡಬ್ಬಿಯೊಂದನ್ನು ತಂದಿದ್ದೆ. ಅವ್ವನ ಡಬ್ಬಿಯಷ್ಟು ಭಾರವಿಲ್ಲ.

ರೊಟ್ಟಿ ಹಬ್ಬದ ಹಿಂದಿನ ದಿನ ಬಸ್ಸು ಹತ್ತಿದೆ. ಬೇಕೆಂದೇ ಶಿರಹಟ್ಟಿಯ ಮೇಲೆ ಹೋಗುವ ಬಸ್ಸು. ಶಿರಹಟ್ಟಿಯಲ್ಲಿ ಕಂಡಕ್ಟರ್, "ಹತ್ತು ನಿಮಿಷ ಐತಿ, ಚಾ ಕುಡಿಯೋರು ಕುಡೀರಿ," ಎಂದ. ಎಲ್ಲರೂ ಇಳಿದರು. ನಾನು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ.

"ಅಜ್ಜಾರ, ಇಳಿಯಂಗಿಲ್ಲೇನ್ರಿ?"

"ಇಲ್ಲಪ್ಪಾ. ಒಮ್ಮಿ ಇಳದಿದ್ದೆ, ಸಾಕಾಗೈತಿ."

ಲಕ್ಷ್ಮೇಶ್ವರದಲ್ಲಿ ತಂಗಿ ತಲೆ ಎರೆದುಕೊಂಡು, ಅಂಗಡಿಯ ಪಕ್ಕದ ಕಟ್ಟೆಯ ಮೇಲೆ ಕೂತಿದ್ದಳು. ಬಿಳಿ ಕೂದಲು ಇನ್ನೂ ಒದ್ದೆಯಿತ್ತು. ಎಷ್ಟು ಹೊತ್ತಿನಿಂದ ಕೂತಿದ್ದಳೋ, ನಾನು ಕೇಳಲಿಲ್ಲ. ನನ್ನನ್ನು ನೋಡಿಯೂ ಏಳದೆ, "ಇದು ಎರಡನೇ ಬಸ್ಸು," ಎಂದಳು. ಡಬ್ಬಿ ಇಸಿದುಕೊಂಡು ಕೊಂಡಿ ತೆಗೆದು ಒಳಗೆ ನೋಡಿದಳು. ಲಾಳಿಯಂಥ ಉಂಡಿಯೊಂದನ್ನು ಎತ್ತಿ ತಿರುಗಿಸಿ, "ಇದು ನಿಂದು," ಎಂದಳು. ಒಳಗೆ ಹೋಗಿ ಅತ್ತೆಯ ಫೋಟೋದ ಮುಂದೆ ಅದನ್ನೇ ಇಟ್ಟು ಬಂದಳು. ಅವಳ ಗಂಡ ಹೊಸ ಹಗ್ಗದ ದೊಡ್ಡ ಸಿಂಬಿಯನ್ನು ನನ್ನ ಹೆಗಲಿಗೇರಿಸಿದ. "ನಾ ಆಯಿತವಾರ ಸೀದಾ ಹೊಳಿಗೆ ಬರತೇನ್ರಿ ಅಣ್ಣಾರ. ಹಗ್ಗಾ ಯಾವ ಪೈಲ್ವಾನಗೂ ಕೊಡಬ್ಯಾಡ್ರಿ," ಎಂದ.

ಹಿಂದಿರುಗುವಾಗ ಶಿರಹಟ್ಟಿಯಲ್ಲಿ ಮತ್ತೆ ಹತ್ತು ನಿಮಿಷ. ತಂಗಿ ಕಿಟಕಿಯ ಪಕ್ಕ ಕೂತಿದ್ದಳು. ಬಸ್‌ಸ್ಟ್ಯಾಂಡಿನ ಆಚೆ ಬೀದಿಯನ್ನು ಸ್ವಲ್ಪ ಹೊತ್ತು ನೋಡಿದಳು.

"ಎಲ್ಲಿತ್ತು ಕುಸ್ತಿ?"

ಕೈ ಮಾಡಿ ತೋರಿಸಿದೆ. ಈಗ ಅಲ್ಲಿ ಅಂಗಡಿಗಳ ಸಾಲಿದೆ.

"ಇಳಿ," ಎಂದಳು. "ಎರಡು ಚಾ ತಗೊಂಡು ಬಾ. ನಾ ಕಿಡಕ್ಯಾಗಿಂದ ನೋಡಕೋತ ಕುಂದ್ರತೇನಿ, ನೀ ಯಾಕಡೆ ಹೋಗತಿ ಅಂತ."

ಇಳಿದೆ. ಮೊಣಕಾಲು ನೋಯುತ್ತಿದ್ದರೂ ಓಡಿದೆ. ಎರಡು ಕಾಗದದ ಕಪ್ಪುಗಳಲ್ಲಿ ಚಹಾ ಹಿಡಿದು, ಅರ್ಧ ಕೈಮೇಲೆ ಚೆಲ್ಲಿಕೊಂಡು, ಬಸ್ಸಿಗೆ ಬಂದು ಅವಳ ಪಕ್ಕ ಕೂತೆ. ಬಸ್ಸು ಹೊರಡಲು ಇನ್ನೂ ಆರು ನಿಮಿಷವಿತ್ತು.